‘ಕಂಡುಬಂದಿಲ್ಲ’ ಎಂಬ ಸಾಲಿನ ಮುಂದೆ

ಎಚ್‌ಐವಿ ಇರುವವರಿಗೆ ಬೇಧಿ ನಿಲ್ಲದೆ ಹೋದಾಗ ಆಸ್ಪತ್ರೆಯ ಫೈಲಿನಲ್ಲಿ ಸೇರುವಂಥ ಕೆಲವು ಸಾಲುಗಳನ್ನು ಮಾದರಿಗೆಂದು ನಾನೇ ಬರೆದುಕೊಂಡಿದ್ದೇನೆ. ಒಂದೊಂದನ್ನೂ ಬಿಡಿಸಿ ನೋಡೋಣ.

“ಒಂದು ತಿಂಗಳಿಂದ ಬೇಧಿ, ಹೊಟ್ಟೆನೋವು, ಮಲದಲ್ಲಿ ರಕ್ತ.”

ನೋರೋವೈರಸ್ ತರುವ ಬೇಧಿ ಸಾಮಾನ್ಯವಾಗಿ ನೀರುನೀರಾಗಿದ್ದು, ಗಟ್ಟಿಮುಟ್ಟಾದವರಲ್ಲಿ ಎರಡು ಮೂರು ದಿನಕ್ಕೆ ಅಡಗುತ್ತದೆ. ತಿಂಗಳು ಕಳೆದು ರಕ್ತವೂ ಬರುತ್ತಿದ್ದರೆ ದೊಡ್ಡ ಕರುಳಿನ ಒಳಪದರಕ್ಕೆ ಗಾಯವಾಗಿರುವ ಅನುಮಾನ ಬರಬೇಕು. ಒಆರ್‌ಎಸ್ ಕುಡಿಸಲೇಬೇಕು, ಆದರೆ ಅಲ್ಲಿಗೇ ನಿಲ್ಲುವಂತಿಲ್ಲ.

“ಸಿಡಿ4: 38.”

ಸಿಡಿ4 ಅಂದರೆ ಎಚ್‌ಐವಿ ನಾಶಮಾಡುವ ರೋಗನಿರೋಧಕ ಬಿಳಿ ರಕ್ತಕಣಗಳು. ಆರೋಗ್ಯವಂತರಲ್ಲಿ ಇವುಗಳ ಲೆಕ್ಕ ಸಾಮಾನ್ಯವಾಗಿ 500ರ ಮೇಲಿರುತ್ತದೆ. 50ರ ಕೆಳಗಿಳಿದರೆ ಸೈಟೊಮೆಗಲೊವೈರಸ್, ಅಂದರೆ ಸಿಎಂವಿ, ಏಳುವ ಭಯ. ಅದು ಹೊಸದಾಗಿ ಹೊರಗಿನಿಂದ ಬಂದಿದ್ದಲ್ಲ; ನಮ್ಮಲ್ಲಿ ಬಹುಪಾಲು ಜನರ ಮೈಯಲ್ಲಿ ಚಿಕ್ಕಂದಿನಿಂದಲೇ ಸುಮ್ಮನಿರುತ್ತದೆ.

“ಮಲಪರೀಕ್ಷೆ: ಮೊಟ್ಟೆ, ಸಿಸ್ಟ್ ಕಂಡುಬಂದಿಲ್ಲ.”

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಈ ಸಾಲು ಓದಿ ‘ರಿಪೋರ್ಟ್ ನಾರ್ಮಲ್’ ಎಂದು ಮನೆಯವರು ಸಮಾಧಾನಪಡುತ್ತಾರೆ, ಕೆಲವೊಮ್ಮೆ ವೈದ್ಯರೂ ಕೂಡ. ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ಹುಳುವಿನ ಮೊಟ್ಟೆ ಕಾಣುತ್ತದೆ, ಅಮೀಬಾ ಕಾಣುತ್ತದೆ. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಸರಿಯಾಗಿ ಕಾಣಬೇಕಾದರೆ ಬೇರೆಯದೇ ಬಣ್ಣ ಹಾಕಬೇಕು. ವೈರಸ್ ಅಂತೂ ಕಾಣುವ ಮಾತೇ ಇಲ್ಲ. ನೋರೋವೈರಸ್ಸಿನ ಗಾತ್ರ 30 ನ್ಯಾನೋಮೀಟರಿನ ಆಸುಪಾಸು. ಅದಕ್ಕೂ, ಬೇಧಿ ತರುವ ಅಡಿನೋವೈರಸ್ಸಿಗೂ ಪಿಸಿಆರ್ ಮಾಡಿಸಬಹುದು. ಸಿಎಂವಿಗೆ ಅದೂ ಸಾಲದು. ರಕ್ತದಲ್ಲಿ ಅದರ ಪ್ರತಿಕಾಯ ಹೆಚ್ಚುಕಡಿಮೆ ಎಲ್ಲರಿಗೂ ಇರುತ್ತದೆ, ಕರುಳಿನಲ್ಲಿ ಏನಾಗಿದೆ ಎಂದು ಅದು ತಿಳಿಸುವುದಿಲ್ಲ. ಸಿಡಿ4 ಇಷ್ಟು ಕಡಿಮೆಯಿದ್ದು ಬೇಧಿ ನಿಲ್ಲದಿದ್ದರೆ ಮುಂದಿನ ಪರೀಕ್ಷೆಯನ್ನು, ಅಂದರೆ ಕೊಲೊನೊಸ್ಕೋಪಿ ಮತ್ತು ಬಯಾಪ್ಸಿಯನ್ನು, ಕೇಳಿ ಮಾಡಿಸಿಕೊಳ್ಳಿ.

“ಕೊಲೊನೊಸ್ಕೋಪಿ: ಹುಣ್ಣುಗಳು. ಬಯಾಪ್ಸಿ: ಗೂಬೆಕಣ್ಣಿನ ಗುರುತು.”

ಸಿಎಂವಿ ಸೋಂಕು ತಗುಲಿದ ಜೀವಕೋಶ ಅಕ್ಕಪಕ್ಕದವುಗಳನ್ನು ಮೀರಿ ಉಬ್ಬುತ್ತದೆ. ಅದರ ಕೇಂದ್ರದಲ್ಲಿ ಕಡುಬಣ್ಣದ ಗುಂಡು, ಸುತ್ತ ತಿಳಿಬಣ್ಣದ ಬಳೆ. ರೋಗ ಖಾತ್ರಿಯಾಗುವುದು ಬಯಾಪ್ಸಿಗೆಂದು ತೆಗೆದ, ಅಕ್ಕಿಕಾಳಿಗಿಂತಲೂ ಚಿಕ್ಕದಾದ ಮಾಂಸದ ಚೂರಿನಿಂದ. ತಡಮಾಡಿದರೆ ಕರುಳು ತೂತಾಗಬಹುದು. ಇದೇ ವೈರಸ್ ಕಣ್ಣಿನ ರೆಟಿನಾವನ್ನೂ ಕೆಡಿಸುತ್ತದೆ, ಆದ್ದರಿಂದ ದೃಷ್ಟಿ ಚೆನ್ನಾಗಿದ್ದರೂ ಕಣ್ಣು ತೋರಿಸಬೇಕು.

“ಗ್ಯಾನ್ಸಿಕ್ಲೋವಿರ್ ಇಂಜೆಕ್ಷನ್, ಜೊತೆಗೆ ಎಆರ್‌ಟಿ.”

ಮೊದಲು ರಕ್ತನಾಳಕ್ಕೆ, ಚೇತರಿಸಿಕೊಂಡ ಮೇಲೆ ವ್ಯಾಲ್‌ಗ್ಯಾನ್ಸಿಕ್ಲೋವಿರ್ ಮಾತ್ರೆ. ಸಾಮಾನ್ಯವಾಗಿ 3ರಿಂದ 6 ವಾರ. ಬಿಳಿ ರಕ್ತಕಣ ಇಳಿಯುವ ಸಾಧ್ಯತೆ ಇರುವುದರಿಂದ ಆಗಾಗ ರಕ್ತಪರೀಕ್ಷೆ ಬೇಕು. ಈ ಔಷಧಿ ವೈರಸ್ಸನ್ನು ಹತ್ತಿಕ್ಕುತ್ತದೆಯೇ ಹೊರತು ಮೈಯಿಂದ ಓಡಿಸುವುದಿಲ್ಲ. ಮತ್ತೆ ಏಳದಂತೆ ತಡೆಯುವುದು ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಚಿಕಿತ್ಸೆ. ನಮ್ಮ ದೇಶದಲ್ಲಿ ಸರ್ಕಾರ ಅದನ್ನು 2004ರಿಂದ ಉಚಿತವಾಗಿ ಕೊಡುತ್ತಿದೆ, 2017ರಿಂದ ಸಿಡಿ4 ಎಷ್ಟೇ ಇದ್ದರೂ ಕೊಡುತ್ತದೆ. ಎಆರ್‌ಟಿ ಮಾತ್ರೆ ಬಿಟ್ಟವರನ್ನು ಗದರಿಸುವ ಮೊದಲು, ದಿನಕ್ಕೆ ಹತ್ತು ಸಲ ಬೇಧಿಯಾಗುವವರು ಜಿಲ್ಲಾ ಕೇಂದ್ರಕ್ಕೆ ಹೋಗುವ ಬಸ್ಸಿನಲ್ಲಿ ಹೇಗೆ ಕೂರಬೇಕು ಎಂದು ಯೋಚಿಸಬೇಕು. ಊರಿಗೆ ಹತ್ತಿರದ ಲಿಂಕ್ ಎಆರ್‌ಟಿ ಕೇಂದ್ರದಿಂದಲೇ ಮಾತ್ರೆ ಪಡೆಯುವ ಏರ್ಪಾಡು ಇದೆ, ಆಪ್ತಸಮಾಲೋಚಕರನ್ನು ವಿಚಾರಿಸಿ.