ಶಾಸನೋಲ್ಲೇಖವೂ ಜಾಲವಿಳಾಸವೂ

ಬನ್ನೂರಿನ ಶಾಸನಗಳನ್ನು ಅರಸಿ ಹೊರಟ ವಿದ್ಯಾರ್ಥಿಗೆ ಮೊದಲು ಎದುರಾಗುವ ತೊಡಕು ಲಿಪಿಯದಲ್ಲ, ವಿಳಾಸದ್ದು. ಬಿ. ಎಲ್. ರೈಸ್ ಅವರು ೧೮೯೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳೆರಡೂ ಒಟ್ಟಿಗೆ ಇದ್ದವು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ನಂಜನಗೂಡು ಮೂರನೆಯ ಸಂಪುಟದಲ್ಲಿಯೇ ಉಳಿಯಿತು. ಬನ್ನೂರನ್ನೊಳಗೊಂಡ ನರಸೀಪುರ ತಾಲ್ಲೂಕು ಐದನೆಯದಕ್ಕೆ ಸರಿಯಿತು. ಆದಕಾರಣ ಹಳೆಯ ಗ್ರಂಥಗಳ ಅಡಿಟಿಪ್ಪಣಿಯನ್ನು ನಂಬಿ ಹೊಸ ಆವೃತ್ತಿಯನ್ನು ತೆರೆದರೆ ಶಾಸನ ಸಿಕ್ಕದು. ಹಳೆಯ ಸಂಖ್ಯೆಗೆ ಹೊಸ ಸಂಖ್ಯೆಯನ್ನು ಹೊಂದಿಸಿ ತೋರುವ ಪಟ್ಟಿಯೊಂದೇ ಇಲ್ಲಿ ಗತಿ.

ಇಂಥ ಸಾಮಗ್ರಿಯನ್ನು ಜಾಲತಾಣಕ್ಕೆ ಏರಿಸುವವರು ಈ ಪಾಠವನ್ನು ಮರೆಯಬಾರದು. ಯುಆರ್‌ಎಲ್‌ನಲ್ಲಿ ಹ್ಯಾಷ್ ಚಿಹ್ನೆಯ ಮುಂದೆ ಬರುವ ಭಾಗಕ್ಕೆ ಫ್ರಾಗ್‌ಮೆಂಟ್ ಎಂದು ಹೆಸರು. ಪುಟದೊಳಗಿನ ಒಂದು ಸ್ಥಳವನ್ನು ತೋರುವುದು ಅದರ ಸಹಜಧರ್ಮ. ಕೆಲವು ತಾಣಗಳು ಇದರ ಮೇಲೆ ಬೇರೊಂದು ಭಾರವನ್ನು ಹೊರಿಸಿದವು: ಪುಟವನ್ನು ಪೂರ್ತಿ ಮರುತುಂಬದೆ, ಜಾವಾಸ್ಕ್ರಿಪ್ಟ್ ಮೂಲಕ ಹಿನ್ನೆಲೆಯಲ್ಲಿ ಹೊಸ ವಿಷಯವನ್ನು ತರಿಸಿ, ತೆರೆದಿರುವುದು ಯಾವುದೆಂಬುದನ್ನು ಫ್ರಾಗ್‌ಮೆಂಟಿನಲ್ಲಿ ಗುರುತಿಸಿಡುವುದು. ಇದರ ಗುಣವನ್ನು ಮರೆಮಾಚುವುದು ನ್ಯಾಯವಲ್ಲ. ಪುಟ ಬೇಗ ಬದಲಾಗುತ್ತದೆ. ಬ್ರೌಸರಿನ ಹಿಂದಿರುಗುವ ಗುಂಡಿಯೂ ಕೆಲಸಮಾಡುತ್ತದೆ. ಬೇರೆ ಉಪಾಯವಿಲ್ಲದ ಕಾಲದಲ್ಲಿ ಇದು ಜಾಣತನವೇ ಆಗಿತ್ತು.

ದೋಷ ಬೇರೆಡೆ ಇದೆ. ಬ್ರೌಸರು ಫ್ರಾಗ್‌ಮೆಂಟನ್ನು ಸರ್ವರಿಗೆ ಕಳುಹಿಸುವುದೇ ಇಲ್ಲ. ಓದುಗನು ಬನ್ನೂರಿನ ಶಾಸನವನ್ನು ಕೇಳಿದನೋ ನಂಜನಗೂಡಿನದನ್ನೋ ಸರ್ವರು ಅರಿಯದು. ಎಲ್ಲರಿಗೂ ಒಂದೇ ಬರಿಯ ಪುಟವನ್ನು ಕೊಡುತ್ತದೆ. ನಾಳೆ ತಾಣದ ವಿನ್ಯಾಸ ಬದಲಾದಾಗ, ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ತೋರುವ ಪಟ್ಟಿಯನ್ನು ಸರ್ವರಿನಲ್ಲಿ ಇಟ್ಟರೂ, ಕೇಳಿದ್ದೇನೆಂಬುದೇ ಅದಕ್ಕೆ ತಿಳಿಯದ ಮೇಲೆ ಆ ಪಟ್ಟಿ ನಿಷ್ಫಲ. ಹಳೆಯ ವಿಳಾಸಗಳನ್ನು ಬಿಡಿಸಿ ಹೇಳುವ ಸ್ಕ್ರಿಪ್ಟೊಂದನ್ನು ಎಂದೆಂದಿಗೂ ಸಾಕುತ್ತಿರಬೇಕು. ಟ್ವಿಟರ್ ೨೦೧೦ರಲ್ಲಿ ಈ ಮಾರ್ಗವನ್ನು ಹಿಡಿದು ೨೦೧೨ರಲ್ಲಿ ಬಿಡತೊಡಗಿತು. ಇಂಥ ವಿಳಾಸಗಳು ಹುಡುಕುಯಂತ್ರಕ್ಕೆ ಎಟುಕಲೆಂದು ಗೂಗಲ್ ೨೦೦೯ರಲ್ಲಿ ಸೂಚಿಸಿದ್ದ ಏರ್ಪಾಡನ್ನು ೨೦೧೫ರಲ್ಲಿ ತಾನೇ ಕೈಬಿಟ್ಟಿತು.

ಎಚ್‌ಟಿಎಂಎಲ್ ೫ರೊಡನೆ ಹಿಸ್ಟರಿ ಎಪಿಐ ಬಂದಮೇಲೆ ವೇಗಕ್ಕೂ ವಿಳಾಸಕ್ಕೂ ವಿರೋಧ ಉಳಿದಿಲ್ಲ. ಪುಟವನ್ನು ಮರುತುಂಬದೆಯೇ ಪೂರ್ಣ ವಿಳಾಸವನ್ನು ಬದಲಿಸಬಹುದು. ಆದರೆ ಆ ವಿಳಾಸವನ್ನು ನೇರವಾಗಿ ಕೇಳಿದವನಿಗೂ ಸರ್ವರು ಅದೇ ಶಾಸನವನ್ನು ಕೊಡುವಂತಿರಬೇಕು. ಆದುದರಿಂದ ಒಂದೊಂದು ಶಾಸನಕ್ಕೂ ಸ್ವಂತ ಪೂರ್ಣ ವಿಳಾಸವಿರಲಿ. ಶಾಸನದೊಳಗಿನ ಸಾಲನ್ನು ತೋರಲು ಮಾತ್ರ ಫ್ರಾಗ್‌ಮೆಂಟ್ ಇರಲಿ. ಅಚ್ಚಿನ ಹೊಸ ಆವೃತ್ತಿ ಬಂದರೂ ಹಳೆಯ ಸಂಪುಟ ಗ್ರಂಥಾಲಯದಲ್ಲಿ ಕೈಗೆ ಸಿಗುತ್ತದೆ. ಜಾಲದ ಹಳೆಯ ಪುಟಕ್ಕೆ ಆ ಭರವಸೆಯಿಲ್ಲ. ಅಲ್ಲಿ ಉಲ್ಲೇಖ ಕೆಟ್ಟರೆ ಪ್ರಮಾಣವೇ ಕೆಟ್ಟಂತೆ.