ಮೂರನೆಯ ಸಾಲಿನ ಗುರು

ಮಾನ್ವಿಯ ಜಗನ್ನಾಥದಾಸರ ಮಂದಿರದಲ್ಲಿ ಹರಿಕಥಾಮೃತಸಾರದ ಪಾರಾಯಣ ಕೇಳುವುದಾದರೆ, ಮುಂದೆ ಕೂತ ಗಟ್ಟಿ ಕಂಠಗಳನ್ನು ಬಿಟ್ಟು, ಹಿಂದೆ ಗೋಡೆಗೆ ಒರಗಿದ ಎಂಬತ್ತರ ಅಜ್ಜಿಯ ಪಕ್ಕ ಕೂಡಬೇಕು. "ತಂಗಿ, ನನ್ನ ಚಾಳೀಸ ಎಲ್ಲಿಟ್ಟೆ, ನೋಡವಾ" ಎಂದು ಆಗಷ್ಟೇ ಕೇಳಿರುತ್ತಾರೆ. ಸಂಧಿ ಶುರುವಾದ ಮೇಲೆ ಚಾಳೀಸೂ ಬೇಡ, ಪುಸ್ತಕವೂ ಬೇಡ.

ಹತ್ತಿರದ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ಬಾಳಿದ ದಾಸರು (1728–1809) 32 ಸಂಧಿಗಳ ಈ ತತ್ತ್ವಗ್ರಂಥಕ್ಕೆ ಭಾಮಿನಿ ಷಟ್ಪದಿಯನ್ನು ಆರಿಸಿಕೊಂಡರು. ಎಂಥ ಆಯ್ಕೆ! ಮೊದಲೆರಡು ಸಾಲು 14 ಮಾತ್ರೆಗಳಂತೆ ಮೂರು-ನಾಲ್ಕರ ನಡೆಯಲ್ಲಿ ಸಾಗುತ್ತವೆ. ಮೂರನೆಯದು 23 ಮಾತ್ರೆಗೆ ಚಾಚಿಕೊಂಡು ಒಂದು ಗುರುವಿನ ಮೇಲೆ ನಿಲ್ಲುತ್ತದೆ. ಎಳೆಯರು ಆ ಗುರುವನ್ನು ಮುಟ್ಟಿ ಓಡುತ್ತಾರೆ. ಅಜ್ಜಿ ಅದನ್ನು ಎಳೆಯುತ್ತಾರೆ. ಉಸಿರು ಸಾಲದೆ ದನಿ ಸಣ್ಣಗೆ ನಡುಗುತ್ತದೆ, ಆ ನಡುಕವೇ ಗಮಕವಾಗುತ್ತದೆ. ಅಷ್ಟರಲ್ಲಿ ನಾಲ್ಕನೆಯ ಸಾಲು ನಾಲಿಗೆಗೆ ಬಂದಿರುತ್ತದೆ. ಬಾರದಿದ್ದರೆ ಪ್ರಾಸ ಬಿಡುವುದಿಲ್ಲ: ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ. ಮುಂದಿನ ಸಾಲು ಮರೆತರೂ ಅದರ ಒಂದು ಅಕ್ಷರ ಆಗಲೇ ಕೈಯಲ್ಲಿರುತ್ತದೆ.

ವಯಸ್ಸಾದ ಮೆದುಳಿಗೆ ಬೇಕಾದದ್ದೂ ಇದೇ. ಒಳಗಿರುವುದನ್ನು ತಾನಾಗಿ ಹುಡುಕಿ ತೆಗೆಯುವುದು ಅದಕ್ಕೆ ಕಷ್ಟವಾಗುತ್ತ ಹೋಗುತ್ತದೆ. ಒಂದು ಸುಳಿವು ಕೊಟ್ಟರೆ ಎಷ್ಟೋ ಸಲ ಸಿಕ್ಕಿಬಿಡುತ್ತದೆ. ನೆನಪಿನ ಪರೀಕ್ಷೆಯಲ್ಲಿ ಸಂಬಂಧವಿಲ್ಲದ ಪದಗಳನ್ನು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಒಪ್ಪಿಸಿ ಎನ್ನುತ್ತಾರೆ. ಅಲ್ಲಿ ಸೋತ ಹಿರಿಯರಿಂದ ಅವರಿಗೆ ಬರುವ ಒಂದು ಪದ್ಯವನ್ನೂ ಕೇಳಬೇಕು ಎಂಬುದು ನನ್ನ ಆಸೆ.

ಚಾಳೀಸು ಮರೆತವರಿಗೆ ಪದ್ಯ ಉಳಿಯುವುದು ಹೇಗೆ? ನರಕೋಶದ ಕವಲುಗಳ ಮೇಲೆ ಮುಳ್ಳಿನಂಥ ಸಣ್ಣ ಚಾಚುಗಳಿವೆ. ಒಂದು ಕೋಶಕ್ಕೆ ಇನ್ನೊಂದರ ಸಂದೇಶ ಹೆಚ್ಚಾಗಿ ಮುಟ್ಟುವುದು ಅಲ್ಲೇ. ಮುದಿ ಕೋತಿಗಳ ಮೆದುಳಿನ ಮುಂಭಾಗವನ್ನು ಪರೀಕ್ಷಿಸಿದಾಗ, ಕಳೆದುಹೋಗಿದ್ದವು ಹೆಚ್ಚಾಗಿ ತೆಳ್ಳನೆಯ, ಚಂಚಲ ಮುಳ್ಳುಗಳು. ಹೊಸದನ್ನು ಹಿಡಿಯಲು ನೆರವಾಗುವವು ಅವೇ. ತಲೆ ದಪ್ಪಗಾಗಿ ನೆಲೆನಿಂತ ಹಳೆಯವು ಬಹುಮಟ್ಟಿಗೆ ಉಳಿದಿದ್ದವು. ಚಾಳೀಸು ಇಟ್ಟ ಜಾಗ ಇವತ್ತಿನದು. ಷಟ್ಪದಿ ಏಳೆಂಟರ ವಯಸ್ಸಿನಲ್ಲಿ ತಾಯಿಯ ಬಾಯಿಂದ ಕಿವಿಗೆ ಬಿದ್ದು, ವರ್ಷವರ್ಷದ ಪಾರಾಯಣದಲ್ಲಿ ಬಲಿತದ್ದು. ಆಲ್ಜೈಮರ್ಸ್‌ನಂಥ ಕಾಯಿಲೆಯ ಮಾತು ಬೇರೆ, ಅದು ಇಂಥದ್ದನ್ನೂ ಕಿತ್ತುಕೊಳ್ಳಬಲ್ಲದು. ಆದರೂ ಹಾಡಿಗೆ ಅಂಟಿದ ನೆನಪು ಅಲ್ಲೂ ಬಹಳ ದಿನ ತಡೆಯುವುದುಂಟು.

ಹಳೆಯದು ಉಳಿಯುವುದಷ್ಟೇ ಅಲ್ಲ. ಹೊಸದಕ್ಕೆ ಮಣಿಯುವ ಮೆದುಳಿನ ಗುಣ ಮುಪ್ಪಿನಲ್ಲಿ ತಗ್ಗುತ್ತದೆ, ಬತ್ತುವುದಿಲ್ಲ. ಭಜನಾ ಮಂಡಳಿಯ ಹುಡುಗಿಯರು ಒಂದು ಸಂಧಿಗೆ ಹೊಸ ಧಾಟಿ ತಂದರೆ ಅಜ್ಜಿ ಅದನ್ನೂ ಕಲಿಯುತ್ತಾರೆ. ಹುಡುಗಿಯರಿಗೆ ಎರಡು ದಿನ ಸಾಕು, ಅಜ್ಜಿಗೆ ತಿಂಗಳು ಬೇಕು. ಮೂರನೆಯ ಸಾಲಿಗೆ ಬಂದಾಗ ದನಿ ತಟ್ಟನೆ ಹಳೆಯ ಧಾಟಿಗೆ ಜಾರುತ್ತದೆ. ಅಜ್ಜಿ ತಾಳ ನಿಲ್ಲಿಸಿ, ತಲೆ ಅಲ್ಲಾಡಿಸಿ, "ಮತ್ತೊಮ್ಮೆ ಅನ್ರವಾ" ಎಂದು ಮೊದಲಿನಿಂದ ಹಿಡಿಯುತ್ತಾರೆ.