ಪರೀಕ್ಷೆಯೂ ಸತ್ಯವ್ರತವೂ

ಅತೀಂದ್ರಿಯ ಶಕ್ತಿಯುಂಟೆಂದು ಹೇಳಿಕೊಳ್ಳುವವರನ್ನು ಪರೀಕ್ಷಿಸುವುದು ಶ್ರಾವಕಧರ್ಮಕ್ಕೆ ವಿರುದ್ಧವಲ್ಲ. ಆಕಾಶಗಮನದಂತಹ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅವು ಆಪ್ತನ ಹಿರಿಮೆಗೆ ಪ್ರಮಾಣವಾಗಲಾರವೆಂದು ಆಚಾರ್ಯ ಸಮಂತಭದ್ರರು ‘ಆಪ್ತಮೀಮಾಂಸೆ’ಯ ಆರಂಭದಲ್ಲಿಯೇ ಪ್ರತಿಪಾದಿಸಿದ್ದಾರೆ. ಆದರೆ ಪರೀಕ್ಷಕನ ಮಾರ್ಗ ಎಂತಹದಿರಬೇಕು? ಅಮೆರಿಕದ ಒಂದು ಪ್ರಸಿದ್ಧ ಪ್ರಕರಣ ಈ ಪ್ರಶ್ನೆಯನ್ನು ಮುಂದಿಡುತ್ತದೆ.

1979ರಲ್ಲಿ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಇಂತಹ ಶಕ್ತಿಗಳ ಸಂಶೋಧನೆಗಾಗಿ 5 ಲಕ್ಷ ಡಾಲರ್ ದತ್ತಿ ದೊರೆಯಿತು. ಭೌತವಿಜ್ಞಾನಿ ಪೀಟರ್ ಫಿಲಿಪ್ಸ್ ಪ್ರಯೋಗಾಲಯದ ಮುಖ್ಯಸ್ಥರಾದರು. ಎಚ್ಚರಿಕೆಯ 11 ಸೂಚನೆಗಳನ್ನು ಅವರಿಗೆ ಬರೆದು ಕಳುಹಿಸಿದ ಜಾದೂಗಾರ ಜೇಮ್ಸ್ ರ‍್ಯಾಂಡಿ, ಕೈಚಳಕ ಬಲ್ಲ ಇಬ್ಬರು ತರುಣರನ್ನು ಶಕ್ತಿವಂತರ ಸೋಗಿನಲ್ಲಿ ಅಲ್ಲಿಗೆ ಸೇರಿಸಿದರು. ಮೊದಲೇ ಅಳೆದಿಟ್ಟ ಚಮಚಗಳ ಗುರುತುಚೀಟಿಗಳನ್ನು ಅವರು ಅದಲುಬದಲು ಮಾಡಿದರೆ ಸಾಕು, ಮರು ಅಳತೆಯಲ್ಲಿ ಚಮಚವೇ ಬಾಗಿದಂತೆ ತೋರುತ್ತಿತ್ತು. ಮೋಸವೇ ಎಂದು ಯಾರಾದರೂ ನೇರವಾಗಿ ಕೇಳಿದರೆ ನಿಜ ನುಡಿಯಬೇಕೆಂಬ ಕಟ್ಟಳೆ ತರುಣರಿಗಿತ್ತು, ಯಾರೂ ಕೇಳಲಿಲ್ಲ. ಮುಂದೆ ಫಿಲಿಪ್ಸ್ ನಿಬಂಧನೆಗಳನ್ನು ಬಿಗಿಗೊಳಿಸಿದಾಗ ಆ ಶಕ್ತಿ ಕಾಣೆಯಾಯಿತು. 1983ರಲ್ಲಿ ರ‍್ಯಾಂಡಿಯವರೇ ಗುಟ್ಟನ್ನು ಬಹಿರಂಗಪಡಿಸಿದರು.

ವಿದ್ವಾಂಸರೂ ಮೋಸಹೋಗುತ್ತಾರೆಂಬುದು ಇದರಿಂದ ಸಿದ್ಧವಾಯಿತು, ನಿಜ. ಆದರೆ ಕೃತ, ಕಾರಿತ, ಅನುಮೋದನೆಗಳೆಂಬ ಮೂರರಲ್ಲಿಯೂ ದೋಷವನ್ನು ಕಾಣುವ ಜೈನನೀತಿಗೆ ಈ ವಿಧಾನ ಒಪ್ಪಿಗೆಯಾಗದು. ತರುಣರು ಸುಳ್ಳನ್ನಾಡಿದರು, ರ‍್ಯಾಂಡಿ ಆಡಿಸಿದರು, ಚಪ್ಪಾಳೆ ತಟ್ಟಿದವರು ಅನುಮೋದಿಸಿದರು. ಕೇಳಿದರೆ ಹೇಳುತ್ತೇವೆಂಬ ಸಂಕಲ್ಪ ಆ ದೋಷವನ್ನು ಹಗುರಗೊಳಿಸಬಹುದು, ಅಳಿಸಲಾರದು.

ಇದಕ್ಕೆ ಭಿನ್ನವಾದ ಮಾರ್ಗ ಕರ್ನಾಟಕದಲ್ಲಿಯೇ ಉಂಟು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಹೆಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿ, ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಮೂರು ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ, 1977ರಲ್ಲಿ ಸಮಿತಿಯೂ ವಿಸರ್ಜನೆಯಾಯಿತು. ಸೇಂಟ್ ಲೂಯಿಸ್‌ನಲ್ಲಿ ದೊರೆತಂತಹ ಗೆಲುವು ಇಲ್ಲಿ ದೊರೆಯಲಿಲ್ಲ. ಆದರೆ ಯಾರನ್ನೂ ವಂಚಿಸದೆ, ಹೆಸರು ಹಾಕಿ, ಎಲ್ಲರೆದುರು ಕೇಳಿದ ಪ್ರಶ್ನೆ ಅದಾಗಿತ್ತು.

ಅವಧಿ, ಮನಃಪರ್ಯಯ ಜ್ಞಾನಗಳನ್ನು ಶಾಸ್ತ್ರ ಒಪ್ಪುತ್ತದೆ. ಮನಃಪರ್ಯಯವು ಸಂಯಮಿಗಳಾದ ಮುನಿಗಳಿಗೆ ಮಾತ್ರವೆಂದೂ ಹೇಳುತ್ತದೆ. ಹಣ ಪಡೆದು ಪರರ ಮನಸ್ಸನ್ನು ಓದುವೆನೆಂಬ ಗೃಹಸ್ಥನಿಗೆ ಬಸದಿಯ ಸಭಾಂಗಣವನ್ನು ಬಿಟ್ಟುಕೊಡುವ ಮುನ್ನ ಆಡಳಿತ ಮಂಡಳಿಗಳು ಇದನ್ನು ನೆನೆಯಬೇಕು. ಅವನಿಗೆ ಬಲೆ ಬೀಸಬೇಕಾಗಿಲ್ಲ. ಸೇಂಟ್ ಲೂಯಿಸ್‌ನಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಸಭೆಯ ಮುಂದೆ ಕೇಳಿ, ಮಂಡಳಿಯೇ ಗೊತ್ತುಮಾಡಿದ ನಿಬಂಧನೆಗಳಲ್ಲಿ ತೋರಿಸೆಂದರೆ ಸಾಕು.